ಸುಣ್ಣದ ಡಬ್ಬಿಯ ಜಾಗ

ತನ್ನ ಸಂದರ್ಶನಕ್ಕೆ ಯಮುನಾ ತಾನೇ ಕುರ್ಚಿ ಹಾಕಿದಳು.

ಅಟೆಂಡರ್ ರಜೆಯಲ್ಲಿದ್ದ. ಮನೋವಿಜ್ಞಾನ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ದಯಾನಂದ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿ, "ಯಮುನಾ, ಹೆಂಗೂ ನೀವು ಬೇಗ ಬರ್ತೀರಲ್ಲ, ಸಭಾ ಕೊಠಡಿ ಒಂಚೂರು ನೋಡ್ಕಂಬಿಡ್ರಿ" ಎಂದಿದ್ದರು. ಅವರ ಬಾಯಲ್ಲಿ ನೋಡಿಕೊಳ್ಳುವುದು ಎಂದರೆ ಗುಡಿಸುವುದು, ಒರೆಸುವುದು, ಮೇಜು ಎಳೆಯುವುದು, ನೀರಿನ ಬಾಟಲಿ ಇಡುವುದು. ಸಂದರ್ಶನಕ್ಕೆಂದು ಉಟ್ಟಿದ್ದ ಹೊಸ ಕಾಟನ್ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಅವಳು ಪೊರಕೆ ಹಿಡಿದಳು. ಮೇಜಿನ ಆಚೆಗೆ ಮೆತ್ತೆಯ ಕುರ್ಚಿ ಐದು. ಈಚೆಗೆ ಪ್ಲಾಸ್ಟಿಕ್ಕಿನದು ಒಂದು. ಅದರ ಒಂದು ಕಾಲು ಸೀಳಿತ್ತು. ಬೇರೆ ಕುರ್ಚಿ ಹುಡುಕಿದಳು, ಸಿಗಲಿಲ್ಲ. ಅದನ್ನೇ ಒರೆಸಿ ಇಟ್ಟಳು. ಸೀರೆಯ ಅಂಚಿಗೆ ಧೂಳು ಹತ್ತಿತು.

ಹುದ್ದೆ ಒಂದೇ. ಚಿಕಿತ್ಸಾ ನರಮನೋವಿಜ್ಞಾನದ ಸಹಾಯಕ ಪ್ರಾಧ್ಯಾಪಕಿ. ಹೆಸರು ಉದ್ದ, ಕೆಲಸ ಹೇಳಲು ಸುಲಭ. ತಲೆಗೆ ಏಟು ಬಿದ್ದವರು, ಲಕ್ವ ಹೊಡೆದವರು, ಮರೆವು ಹತ್ತಿದವರು ಬಂದರೆ ಅವರ ಬುದ್ಧಿಯಲ್ಲಿ ಏನು ಉಳಿದಿದೆ, ಏನು ಹೋಗಿದೆ ಎಂದು ಪರೀಕ್ಷೆ ಮಾಡಿ ಹೇಳುವುದು. ಹಾಗೆ ಹೇಳುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವುದು. ಹುದ್ದೆ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲು. ಚಿತ್ರದುರ್ಗದ ಹೊರವಲಯದ ಆ ವಿಶ್ವವಿದ್ಯಾಲಯ ಈ ಹಿಂದೆ ಎರಡು ಸಲ ಅರ್ಜಿ ಕರೆದಿತ್ತು. ಎರಡು ಸಲವೂ 'ಅರ್ಹ ಅಭ್ಯರ್ಥಿಗಳು ದೊರೆಯಲಿಲ್ಲ' ಎಂದು ಬರೆದು ಕಡತ ಕಟ್ಟಿತ್ತು. ಎರಡು ಸಲವೂ ಯಮುನಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎದ್ದು ಬಂದಿದ್ದಳು. ಮಾರನೆಯ ದಿನ ಎಂದಿನಂತೆ ಅದೇ ಕೆಲಸವನ್ನು ಅತಿಥಿ ಉಪನ್ಯಾಸಕಿಯಾಗಿ ಮಾಡಿದ್ದಳು. ಹುದ್ದೆಗೆ ಯೋಗ್ಯತೆ ಇಲ್ಲದವಳು ಹುದ್ದೆಯ ಕೆಲಸಕ್ಕೆ ಮಾತ್ರ ಒಂಬತ್ತು ವರ್ಷದಿಂದ ಯೋಗ್ಯಳಾಗಿದ್ದಳು.

"ಮೇಡಂ, ಇದು ಮೂರನೇದು" ಎಂದು ಆಡಳಿತ ಕಚೇರಿಯ ಗುಮಾಸ್ತ ದುರ್ಗೇಶ್ ಹೋದ ವಾರವೇ ಹೇಳಿದ್ದ. "ಈ ಸಲಾನೂ ಯಾರೂ ಸಿಗ್ಲಿಲ್ಲ ಅಂದ್ರೆ ಮೀಸಲಾತಿ ತೆಗೀರಿ ಅಂತ ಮ್ಯಾಲಕ್ಕೆ ಬರೀತಾರಂತೆ. ಕಾಗದ ಟೈಪಾಗೈತೆ. ತಾರೀಕು ಒಂದು ಹಾಕ್ಬೇಕು."

ಯಮುನಾಗೆ ನಲವತ್ತೆರಡು. ಮತ್ತೆ ಕರೆಯುವಷ್ಟರಲ್ಲಿ ವಯಸ್ಸು ಮೀರುತ್ತದೆ. ಇದು ಕೊನೆಯದು.

ಒಂಬತ್ತು ವರ್ಷದ ಕೆಲಸ ಅವಳ ಮೈಯಲ್ಲೇ ಕಾಣುತ್ತಿತ್ತು. ಬಲ ಭುಜ ಕೆಳಗೆ ಜಗ್ಗಿತ್ತು. ಪರೀಕ್ಷಾ ಸಾಮಗ್ರಿಯ ಹನ್ನೆರಡು ಕೆಜಿಯ ಪೆಟ್ಟಿಗೆ ಹೊತ್ತು ಹೊಳಲ್ಕೆರೆ, ತಾಳ್ಯ, ಯಲ್ಲದಕೆರೆ ಎಂದು ಬಸ್ಸು ಹತ್ತಿ ಇಳಿದು ಆದದ್ದು. ಮಿದುಳಿನ ಅಲೆ ಅಳೆಯುವ ಟೋಪಿ ತೆಗೆದ ಮೇಲೆ ಅದರ ಅಂಟು ತೊಳೆಯುವವಳೂ ಅವಳೇ, ರೋಗಿಯ ತಲೆ ತೊಳೆಯುವವಳೂ ಅವಳೇ. ಬೆರಳ ಸಂದು ಬಿರಿದು ಸದಾ ಉರಿಯುತ್ತಿತ್ತು. ಲಕ್ವ ಹೊಡೆದವರು ಕೂತಲ್ಲೇ ಉಚ್ಚೆ ಹೊಯ್ದುಕೊಂಡರೆ ದಯಾನಂದರಿಗೆ ತಕ್ಷಣ ಒಂದು ಫೋನು ನೆನಪಾಗಿ ಹೊರಗೆ ಹೋಗುತ್ತಿದ್ದರು. ಯಮುನಾ ಬಟ್ಟೆ ತರುತ್ತಿದ್ದಳು. ಒರೆಸಿ, ಕೈ ತೊಳೆದು, ಕೂತು ವರದಿ ಬರೆಯುತ್ತಿದ್ದಳು. ಸಹಿ ದಯಾನಂದರದು. ಅತಿಥಿ ಉಪನ್ಯಾಸಕರು ವರದಿಗೆ ಸಹಿ ಹಾಕುವಂತಿಲ್ಲ ಎಂಬುದು ಅವರ ಕಟ್ಟುನಿಟ್ಟು. ಅವಳು ಬರೆದ ಸಾವಿರಾರು ವರದಿಗಳಲ್ಲಿ ಅವಳ ಹೆಸರು ಒಂದರಲ್ಲೂ ಇರಲಿಲ್ಲ.

ಈ ವಿದ್ಯೆಗೆ ಅವಳನ್ನು ತಂದವನು ಅಪ್ಪ ಮುನಿಯಪ್ಪ. ಹೊಸದುರ್ಗ ತಾಲ್ಲೂಕಿನ ಬಾಗೂರಿನ ಕೇರಿಯವನು, ಕಲ್ಲು ಕ್ವಾರಿಯಲ್ಲಿ ಸುತ್ತಿಗೆ ಹಿಡಿದವನು. ಒಂದು ದಿನ ಕಲ್ಲು ಸಿಡಿದು ತಲೆಗೆ ಬಡಿಯಿತು. ಆಸ್ಪತ್ರೆಯಲ್ಲಿ ಡಾಕ್ಟರ್ ಒಬ್ಬ ಇವತ್ತು ತಾರೀಕು ಎಷ್ಟು ಎಂದು ಕೇಳಿದ. ನೂರರಲ್ಲಿ ಏಳು ಕಳೆ ಎಂದ. ಚೀಟಿ ಕೊಟ್ಟು ಓದು ಎಂದ. ಮುನಿಯಪ್ಪ ಏಟು ಬೀಳುವ ಮುಂಚೆಯೂ ಇದಾವುದನ್ನೂ ಮಾಡಿದವನಲ್ಲ. 'ಹುಟ್ಟಿನಿಂದಲೇ ಮಂದಬುದ್ಧಿ' ಎಂದು ಬರೆದರು. ಕ್ವಾರಿಯವರು ಆ ಕಾಗದ ತೋರಿಸಿ, ಪರಿಹಾರ ಕೊಡದೆ ಕೈ ತೊಳೆದುಕೊಂಡರು. ಬಂಡೆ ಎಲ್ಲಿ ಸೀಳುತ್ತದೆಂದು ಬೆರಳಲ್ಲಿ ತಟ್ಟಿ ಹೇಳುತ್ತಿದ್ದ ಮನುಷ್ಯ ಮಂದಬುದ್ಧಿ ಎಂಬ ಹೆಸರು ಹೊತ್ತೇ ಸತ್ತ.

ಅದಕ್ಕೇ ಅವಳು ಅಕ್ಷರ ಬೇಡದ ಪರೀಕ್ಷೆಯೊಂದನ್ನು ಮಾಡಲು ಹೊರಟಳು. ಅವ್ವ ಓಬವ್ವನ ಎಲೆಅಡಿಕೆ ಸಂಚಿ ಕಣ್ಣೆದುರಿಗೇ ಇತ್ತು. ಐದು ಖಾನೆಯ ಬಟ್ಟೆ ಸಂಚಿ. ಎಲೆಗೊಂದು, ಅಡಿಕೆಗೊಂದು, ಹೊಗೆಸೊಪ್ಪಿಗೊಂದು, ಒಳಗೆ ಚಿಲ್ಲರೆಗೊಂದು, ಸುಣ್ಣದ ಡಬ್ಬಿಗೆ ಹೊರಗಡೆ ಪುಟ್ಟದೊಂದು. ಈ ಸೀಮೆಯ ಮುದುಕ ಮುದುಕಿಯರು ಯಾರ ಸೊಂಟ ನೋಡಿದರೂ ಇದೇ ಕ್ರಮ. ಅವರ ಎದುರೇ ಒಂದೊಂದು ಸಾಮಾನು ಒಂದೊಂದು ಖಾನೆಗೆ ಹಾಕುವುದು, ಅರ್ಧ ಗಂಟೆ ಮಳೆ ಬೆಳೆ ಮಾತಾಡುವುದು, ಆಮೇಲೆ ತೆಗೆದುಕೊಡಿ ಎನ್ನುವುದು. ಮೊದಲು ಅವ್ವನ ಮೇಲೇ ಮಾಡಿ ನೋಡಿದಳು. ಓಬವ್ವ ಒಂದೂ ತಪ್ಪದೆ ತೆಗೆದುಕೊಟ್ಟು ನಕ್ಕಳು.

"ಇದ್ಯಾವ ಸೀಮೆ ಪರೀಕ್ಷೆನೇ ಯಮುನಿ? ಸುಣ್ಣದ ಡಬ್ಬಿನ ಅದರ ಜಾಗದಾಗೇ ಇಟ್ಟೀಯ. ನೆಪ್ಪು ಇದ್ರೇನು, ಹೋದ್ರೇನು, ಕೈ ಅಲ್ಲಿಗೇ ಹೋಗ್ತೈತೆ. ಐವತ್ತು ವರ್ಷದಿಂದ ಹೋಗೈತೆ."

"ಹಂಗಾದ್ರೆ ಏನ್ ಮಾಡ್ಲವ್ವ?"

"ಜಾಗ ಬದ್ಲು ಮಾಡು. ಸುಣ್ಣನ ಎಲೆ ಜಾಗಕ್ಕೆ ಹಾಕು. ನೋಡಿದ್ದು ನೆಪ್ಪಿದ್ದೋಳು ಅಲ್ಲಿಗೆ ಹೋಗ್ತಾಳೆ. ಇಲ್ದೋಳು ಹಳೇ ಜಾಗನೇ ತಡಕ್ತಾಳೆ."

ರೂಢಿಯ ನೆನಪು ಬೇರೆ, ಹೊಸ ನೆನಪು ಬೇರೆ. ಯಮುನಾ ಓದಿದ ದಪ್ಪ ಪುಸ್ತಕಗಳು ಹತ್ತಾರು ಪುಟದಲ್ಲಿ ಹೇಳುತ್ತಿದ್ದ ಮಾತು. ಶಾಲೆಯ ಮುಖ ನೋಡದ ಓಬವ್ವ ಅಡಿಕೆ ಕತ್ತರಿಸುತ್ತ ಹೇಳಿ ಮುಗಿಸಿದ್ದಳು.

ಆರು ವರ್ಷ ಊರೂರು ತಿರುಗಿ ಮುನ್ನೂರು ಮುದುಕರ ಮೇಲೆ ಯಮುನಾ ಅದನ್ನು ಒರೆಗೆ ಹಚ್ಚಿದಳು. ದಯಾನಂದರು ಅದನ್ನು ಪುಸ್ತಕ ಮಾಡಿದರು. 'ದುರ್ಗ ಸ್ಮೃತಿ ಮಾಪನ'. ಲೇಖಕರು ಅವರೊಬ್ಬರೇ. ಯಮುನಾ ಹೆಸರು ಕೊನೆಯ ಪುಟದ ಕೃತಜ್ಞತೆಯಲ್ಲಿ, ಟೀ ತಿಂಡಿ ಒದಗಿಸಿದ ಕ್ಯಾಂಟೀನಿನವರ ಕೆಳಗೆ ಇತ್ತು. ಬಟ್ಟೆ ಸಂಚಿ ಹೋಗಿ ಕರಿ ರೆಕ್ಸಿನ್ನಿನದು ಬಂತು, ಖಾನೆಗೊಂದು ಜಿಪ್ಪು. ಸಾಮಾನುಗಳ ಜಾಗ ಅದಲು ಬದಲಾಗಿದ್ದುದು ದಯಾನಂದರಿಗೆ ಹಳ್ಳಿ ಹೆಂಗಸಿನ ಅಸ್ತವ್ಯಸ್ತ ಎನಿಸಿತು. ಅವರ ಮನೆಯಲ್ಲಿ ಎಲೆ ಅಡಿಕೆ ಬೆಳ್ಳಿ ತಟ್ಟೆಯಲ್ಲಿ ಬರುತ್ತದೆ, ಸಂಚಿಯನ್ನು ಅವರು ಕೈಯಲ್ಲಿ ಹಿಡಿದವರೇ ಅಲ್ಲ. ಯಾರನ್ನೋ ಕೇಳಿ, ಎಲ್ಲವನ್ನೂ ಒಪ್ಪವಾಗಿ ಅದರದರ ಜಾಗಕ್ಕೆ ಹಾಕಿ, ಹಾಗೇ ಅಚ್ಚು ಹಾಕಿಸಿಬಿಟ್ಟರು. ಯಮುನಾ ತಪ್ಪು ಎಂದಳು. "ಅಚ್ಚಾಗೈತೆ ಬಿಡ್ರಿ, ಎರಡನೇ ಮುದ್ರಣದಾಗೆ ನೋಡಾಣ" ಎಂದರು. ಜೂನ್‌ನಿಂದ ಪುಸ್ತಕದಲ್ಲಿ ಇದ್ದ ಹಾಗೇ ಪರೀಕ್ಷೆ ಮಾಡಬೇಕೆಂದು ಸುತ್ತೋಲೆ ಹೊರಡಿಸಿದರು. ಮೂರನೇ ಸಂದರ್ಶನ ಹತ್ತಿರವಿತ್ತು. ಯಮುನಾ ಬಾಯಿ ಮುಚ್ಚಿಕೊಂಡು ಹಾಗೇ ಮಾಡಿದಳು.

ಹಾಗೆ ಪರೀಕ್ಷೆಗೆ ಕೂತವರಲ್ಲಿ ಯಲ್ಲದಕೆರೆ ಹತ್ತಿರದ ಕುರಿಗಾಹಿಗಳ ಹಟ್ಟಿಯ ಜುಂಜಯ್ಯನೂ ಒಬ್ಬ. ಕುರಿ ಕಾಯುವ ಮುದುಕ. ಹೆಂಡತಿ ದೊಡ್ಡಕ್ಕ ಕರೆತಂದಿದ್ದಳು. "ಉಂಡಿದ್ದೇ ನೆಪ್ಪಿರಲ್ಲ ಕಣವ್ವ, ಮತ್ತೆ ಇಕ್ಕು ಅಂತಾನೆ" ಎಂದಿದ್ದಳು. ಜುಂಜಯ್ಯನ ಕೈ ಸೀದಾ ಸುಣ್ಣದ ಖಾನೆಗೆ ಹೋಯಿತು, ಅಲ್ಲಿಂದ ಅಡಿಕೆಯ ಖಾನೆಗೆ ಹೋಯಿತು. ಐದಕ್ಕೆ ಐದು. ಅದು ನೆನಪಲ್ಲ, ಬರೀ ಕೈಯ ರೂಢಿ ಎಂದು ಯಮುನಾಗೆ ಗೊತ್ತಿತ್ತು. ಆದರೂ ಪುಸ್ತಕ ಹೇಳಿದಂತೆ 'ಸ್ಮೃತಿ ಸಹಜ' ಎಂದು ಬರೆದಳು. ದಯಾನಂದರು ನೋಡದೆ ಸಹಿ ಹಾಕಿದರು. ಮೂರು ವಾರಕ್ಕೆ ಕುರಿ ಹೊಡೆದುಕೊಂಡು ಹೋದ ಜುಂಜಯ್ಯ ದಾರಿ ಮರೆತ. ಸಂಜೆಗೆ ಕುರಿಗಳು ತಾವಾಗಿಯೇ ಹಟ್ಟಿಗೆ ಬಂದವು. ಅವನು ಬರಲಿಲ್ಲ. ನಾಲ್ಕನೇ ದಿನ ಜಾಲಿ ಪೊದೆಯ ಕೆಳಗೆ ಹೆಣ ಸಿಕ್ಕಿತು. ಸುದ್ದಿ ಕೇಳಿದ ಮೇಲೆ ಯಮುನಾ ಆ ಹಟ್ಟಿಯ ಕಡೆ ತಲೆ ಹಾಕಲಿಲ್ಲ. ಧೈರ್ಯವಿರಲಿಲ್ಲ.

ಸಂದರ್ಶನ ಹನ್ನೊಂದಕ್ಕೆ ಶುರುವಾಯಿತು. ಮೂವರಲ್ಲಿ ಯಮುನಾ ಕೊನೆಯವಳು. ಮೊದಲಿಬ್ಬರು ಹತ್ತು ಹತ್ತು ನಿಮಿಷಕ್ಕೆ ಹೊರಗೆ ಬಂದರು. ಇವಳನ್ನು ಕರೆದರು. ನಡುವೆ ಕುಲಪತಿ, ಬಲಕ್ಕೆ ದಯಾನಂದ, ಎಡಕ್ಕೆ ಬೆಂಗಳೂರಿನಿಂದ ಬಂದ ವಿಷಯ ತಜ್ಞೆ ಡಾಕ್ಟರ್ ಶಾಲಿನಿ. ಇನ್ನಿಬ್ಬರು ಸದಸ್ಯರು ಕೇಳಲು ಬಂದವರಲ್ಲ. ಅವರಲ್ಲಿ ಒಬ್ಬರು ಗೋಡಂಬಿ ತಿನ್ನಲು ಮಾತ್ರ ಬಾಯಿ ತೆರೆಯುತ್ತಿದ್ದರು. ಯಮುನಾ ಸೀಳಿದ ಕಾಲಿನ ಮೇಲೆ ಭಾರ ಬೀಳದ ಹಾಗೆ ಒಂದು ಮಗ್ಗುಲಿಗೆ ಕೂತಳು.

"ಯಾವೂರಮ್ಮ ನಿಮ್ಮದು?" ಕುಲಪತಿ ಕೇಳಿದರು.

"ಬಾಗೂರು ಸರ್."

"ಬಾಗೂರಲ್ಲಿ ಎಲ್ಲಿ?"

ಊರು ಕೇಳಿದ ಮೇಲೆ ಬೀದಿ ಕೇಳುತ್ತಾರೆ. ಹುದ್ದೆ ಯಾರಿಗೆ ಮೀಸಲು ಎಂದು ಅವರ ಎದುರಿಗೇ ಅಚ್ಚಾಗಿ ಬಿದ್ದಿತ್ತು. ಆದರೂ ಅವಳ ಬಾಯಿಂದಲೇ ಹೇಳಿಸಬೇಕು.

"ಕೇರಿ ಸರ್. ಕೆರೆ ಹಿಂದೆ."

"ಪರವಾಗಿಲ್ಲ, ಭಾಷೆ ಶುದ್ಧವಾಗಿದೆ" ಎಂದರು ಕುಲಪತಿ. ಗೋಡಂಬಿಯವರು ತಲೆಯಾಡಿಸಿದರು.

ಶಾಲಿನಿ ತಮ್ಮ ಬ್ಯಾಗಿನಿಂದ ಕರಿ ರೆಕ್ಸಿನ್ ಸಂಚಿ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ವಿಭಾಗದ್ದೇ ಟೆಸ್ಟ್ ಇದು. ತುಂಬಾ ಒಳ್ಳೆ ಕೆಲಸ ದಯಾನಂದ್ ಸರ್. ಇದನ್ನ ಹೇಗೆ ಮಾಡ್ತೀರ ಅಂತ ತೋರಿಸಿ ಯಮುನಾ. ಸುಣ್ಣದ ಡಬ್ಬಿ ಯಾವ ಪಾಕೆಟ್‌ಗೆ ಹೋಗುತ್ತೆ?"

ಹೊರಗಿನ ಪುಟ್ಟ ಖಾನೆಗೆ ಎಂದಿದ್ದರೆ ಮುಗಿಯುತ್ತಿತ್ತು. ದಯಾನಂದರು ಕಣ್ಣಲ್ಲೇ ಹೇಳು ಎನ್ನುತ್ತಿದ್ದರು. ಹಾಗೆಂದುಬಿಟ್ಟರೆ ಆ ಟೈಪಾದ ಕಾಗದವನ್ನು ಹರಿದುಹಾಕಿಯಾರು ಎಂದು ಯಮುನಾಗೆ ಆಸೆ ಹುಟ್ಟಿತು. ಸುಳ್ಳಲ್ಲ, ಬಲವಾಗಿಯೇ ಹುಟ್ಟಿತು. ಡಬ್ಬಿ ಕೈಗೆತ್ತಿಕೊಂಡಳು. ಜುಂಜಯ್ಯನ ಕೈ ಕಣ್ಣಿಗೆ ಕಟ್ಟಿತು. ಒಂದೂ ತಪ್ಪದ ಕೈ.

"ಪುಸ್ತಕದಲ್ಲಿ ಹೊರಗಿನ ಖಾನೆ ಅಂತ ಇದೆ ಮೇಡಂ. ಅದು ತಪ್ಪು."

"ತಪ್ಪಾ?"

"ಸುಣ್ಣದ ಡಬ್ಬಿ ಯಾವತ್ತೂ ಇರೋದೇ ಅಲ್ಲಿ. ನೆನಪು ಪೂರ್ತಿ ಹೋದವರೂ ತೆಗೆದುಕೊಡ್ತಾರೆ. ಜಾಗ ಬದಲು ಮಾಡಿದರೆ ಮಾತ್ರ ಇದು ಪರೀಕ್ಷೆ. ಜೂನ್‌ನಿಂದ ಮೂವತ್ತೆಂಟು ಜನಕ್ಕೆ ಹಿಂಗೆ ತಪ್ಪಾಗಿ ಮಾಡಿದೀನಿ. ಅದರಲ್ಲಿ ಒಬ್ಬರು ಸತ್ತಿದಾರೆ."

ಗೋಡಂಬಿ ಅಗಿಯುವುದು ನಿಂತಿತು. ದಯಾನಂದರು ನಕ್ಕರು. "ಪಾಪ, ಟೆನ್ಶನ್ ಆಗೈತೆ. ಯಮುನಾ, ಪುಸ್ತಕದಾಗೆ ಇರೋದು ಹೇಳ್ರಿ, ಸಾಕು."

"ಪುಸ್ತಕಕ್ಕಿಂತ ಮುಂಚೆ ಇದು ನಮ್ಮವ್ವನ ಸೊಂಟದಾಗೆ ಇತ್ತು ಸರ್."

ತನ್ನ ಚೀಲದಿಂದ ಓಬವ್ವನ ಸಂಚಿ ತೆಗೆದು ರೆಕ್ಸಿನ್ನಿನದರ ಪಕ್ಕ ಇಟ್ಟಳು. ಹಳೆಯದು, ಮೈಯ ಎಣ್ಣೆ ಹತ್ತಿ ಕಪ್ಪಾದದ್ದು, ಅಂಚಿಗೆ ಸುಣ್ಣದ ಕಲೆ ಇದ್ದದ್ದು. ಗೋಡಂಬಿಯವರು ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಶಾಲಿನಿ ಪೆನ್ನಿನ ತುದಿಯಿಂದ ಸಂಚಿಯ ಮಡಿಕೆ ಎತ್ತಿ ನೋಡಿದರು. ಆಮೇಲೆ ಪೆನ್ನಿನ ತುದಿಯನ್ನು ಟಿಶ್ಯೂ ಕಾಗದದಲ್ಲಿ ಒರೆಸಿಕೊಂಡರು.

"ಆಯ್ತಮ್ಮ, ತಿಳಿಸ್ತೀವಿ" ಎಂದರು ಕುಲಪತಿ.

ನಾಲ್ಕು ಗಂಟೆಗೆ ದುರ್ಗೇಶ್ ಮೊಗಸಾಲೆಗೆ ಬಂದು ಹಾಳೆ ತೋರಿಸಿದ. ಮೂವರೂ ಅನರ್ಹರು. ಯಮುನಾ ಹೆಸರಿನ ಎದುರು ಕಾರಣ ಬರೆದಿತ್ತು: 'ವಿಭಾಗದ ಪ್ರಮಾಣಿತ ಪರೀಕ್ಷೆಯ ಬಗ್ಗೆ ಅಭ್ಯರ್ಥಿಗೆ ಸಾಕಷ್ಟು ತಿಳಿವಳಿಕೆ ಇಲ್ಲ.' ಅವಳು ಎರಡು ಸಲ ಓದಿದಳು. ಅವ್ವ ಅಡಿಕೆ ಕತ್ತರಿಸುತ್ತ ಹೇಳಿದ್ದು ಮಗಳಿಗೆ ತಿಳಿದಿಲ್ಲವಂತೆ.

"ಕಾಗದಕ್ಕೆ ತಾರೀಕು ಹಾಕಿದ್ರು ಮೇಡಂ" ಎಂದ ದುರ್ಗೇಶ್, ನೆಲ ನೋಡುತ್ತ.

ಸಂದರ್ಶನ ಮಾಡಿದವರನ್ನು ಕಾರು ಹತ್ತಿಸಿ ದಯಾನಂದರು ವಾಪಸು ಬಂದರು. "ಬೇಜಾರು ಮಾಡ್ಕಬ್ಯಾಡ್ರಿ ಯಮುನಾ. ನಿಮ್ಮ ಅತಿಥಿ ಆದೇಶ ಈ ವರ್ಷಾನೂ ಮಾಡಿಸ್ತೀನಿ, ಅದು ನನ್ನ ಜವಾಬ್ದಾರಿ. ನಾಳೆ ಹೊಳಲ್ಕೆರೆ ಕ್ಯಾಂಪ್ ಐತೆ, ಮರೀಬ್ಯಾಡ್ರಿ. ಹಾಂ, ಆ ಬಟ್ಟೆ ಸಂಚಿ ಕೊಟ್ಟಿರ್ರಿ. ಎರಡನೇ ಮುದ್ರಣದ ಮುಖಪುಟಕ್ಕೆ ಫೋಟೋ ಚಂದ ಬರುತ್ತೆ ಅಂದ್ರು ಶಾಲಿನಿ ಮೇಡಂ." ಎರಡು ಹೆಜ್ಜೆ ಹೋಗಿ ತಿರುಗಿದರು. "ಹಂಗೇ ಆ ಕುರ್ಚಿ ಒಂದಿಷ್ಟು ಎತ್ತಿಟ್ಟುಬಿಡ್ರಿ."

"ಇಲ್ಲ ಸರ್."

"ಏನಿಲ್ಲ?"

"ಕುರ್ಚಿ ಎತ್ತಲ್ಲ. ಸಂಚಿ ಕೊಡಲ್ಲ. ಹೊಳಲ್ಕೆರೆಗೆ ಹೋಗಲ್ಲ."

ದಯಾನಂದರಿಗೆ ಅರ್ಥವಾಗಲಿಲ್ಲ. ಒಂಬತ್ತು ವರ್ಷದಲ್ಲಿ ಅವರು ಈ ಮಾತು ಕೇಳಿರಲಿಲ್ಲ.

"ಯಲ್ಲದಕೆರೆಗೆ ಹೋಗ್ತೀನಿ" ಎಂದಳು ಯಮುನಾ. "ಜುಂಜಯ್ಯನ ವರದಿ ತಪ್ಪು ಅಂತ ಅವನ ಹೆಂಡ್ತಿಗೆ ಬರ್ಕೊಡ್ತೀನಿ."

"ಬರ್ಕೊಡಕ್ಕೆ ನಿಮಗೆ ಅಧಿಕಾರ ಎಲ್ಲೈತ್ರಿ? ಗೆಸ್ಟ್ ನೀವು. ನಿಮ್ಮ ಸಹಿ ನಡಿಯಲ್ಲ."

"ಗೊತ್ತು ಸರ್. ಒಂಬತ್ತು ವರ್ಷದಿಂದ ಗೊತ್ತು. ಆ ವರದಿ ಮ್ಯಾಲೂ ಸಹಿ ನಿಮ್ದೇ ಐತೆ."

ಆಗ ಅರ್ಥವಾಯಿತು. ಮುಖದ ಮೇಲಿದ್ದ ಉದಾರತೆ ಜಾರಿತು. ಮಾತಿನ ಮರ್ಯಾದೆಯೂ ಅದರ ಜೊತೆಗೇ ಹೋಯಿತು. "ಏನೇ, ನನ್ನ ಹತ್ರಾನೇ ಆಟ ಆಡ್ತೀಯ? ನಿಮ್ಮ ಜನಕ್ಕೆ ಎಷ್ಟು ಮಾಡಿದ್ರೂ ಇಷ್ಟೇ."

ಯಮುನಾ ಸಭಾ ಕೊಠಡಿಗೆ ಹೋದಳು. ಪರೀಕ್ಷಾ ಪೆಟ್ಟಿಗೆಯ ಬೀಗದ ಕೈಯನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಟ್ಟಳು. ಕುರ್ಚಿಗಳು ಬೆಳಿಗ್ಗೆ ಅವಳು ಹಾಕಿದ ಹಾಗೇ ಇದ್ದವು. ಹಾಗೇ ಬಿಟ್ಟು ಹೊರಟಳು.

ಮಾರನೆಯ ದಿನ ಬೆಳಿಗ್ಗೆ ಹಿರಿಯೂರಿನಲ್ಲಿ ಬಸ್ಸು ಬದಲಿಸಿ, ಯಲ್ಲದಕೆರೆಯಲ್ಲಿ ಇಳಿದು, ಹಟ್ಟಿಗೆ ನಡೆದಳು. ಹೊರೆ ಇರಲಿಲ್ಲ. ಭುಜ ಮಾತ್ರ ಹೊರೆ ಇದ್ದಂತೆಯೇ ಜಗ್ಗಿತ್ತು. ಹಟ್ಟಿಯ ಸುತ್ತ ಮುಳ್ಳುಬೇಲಿ. ಅವಳ ಜನ ಆ ಬೇಲಿ ದಾಟಿ ಒಳಗೆ ಹೋಗುವಂತಿಲ್ಲ. ಪಿಎಚ್.ಡಿ. ಮಾಡಿದವಳಿಗೆಂದು ಬೇರೆ ಬಾಗಿಲೇನೂ ಇರಲಿಲ್ಲ. ಹೊರಗೇ ನಿಂತು ಕರೆದಳು.

ದೊಡ್ಡಕ್ಕ ಬಂದು ಬೇಲಿಯ ಬಾಯಲ್ಲಿ ಕಲ್ಲಿನ ಮೇಲೆ ಕೂತಳು. ಯಮುನಾ ಎದುರಿಗೆ ನೆಲದ ಮೇಲೆ ಕೂತಳು. ಸಂಚಿ ತೆಗೆದು ತೋರಿಸಿ, ಹೇಗೆ ಪರೀಕ್ಷೆ ಮಾಡಬೇಕಿತ್ತು, ಹೇಗೆ ಮಾಡಿದೆ ಎಂದು ಎಲ್ಲ ಹೇಳಿದಳು. "ತಪ್ಪು ಅಂತ ಗೊತ್ತಿದ್ದೂ ಬರ್ದೆ ದೊಡ್ಡಕ್ಕ. ಕೆಲಸದ ಆಸೆಗೆ ಬರ್ದೆ."

ದೊಡ್ಡಕ್ಕ ಕುರಿಗಳ ಸುದ್ದಿ ಹೇಳುವಂತೆ ಹೇಳಿದಳು.

"ಕುರಿ ಬಂದ್ವು, ಇವ್ನು ಬರ್ಲಿಲ್ಲ. ಹುಡುಕಾಣ ನಡೀರಿ ಅಂದೆ. ನನ್ನ ಮಗ ಮಂಜಣ್ಣ ಕಾಗದ ತಂದು ತೋರಿಸ್ದ. ದುರ್ಗದ ದೊಡ್ಡೋರು ಬರ್ದವ್ರೆ, ತಲೆ ಸರಿ ಐತೆ ಅಂತ. ನೆಂಟರ ಮನಿಗೆ ಹೋಗಿರ್ತಾನೆ, ಬರ್ತಾನೆ ಬಿಡು ಅಂದ. ಎರಡು ದಿನ ಯಾರೂ ಹುಡುಕ್ಲೇ ಇಲ್ಲ. ಹೆಣ ತೊಳಿಯಾವಾಗ ನೋಡ್ದೆ. ಅಂಗಾಲಿನಾಗೆ ಚರ್ಮ ಇರ್ಲಿಲ್ಲ. ಅಷ್ಟು ನಡ್ದವ್ನೆ ನಮ್ಮನ್ನ ಹುಡುಕ್ಕಂಡು."

ದೊಡ್ಡಕ್ಕ ಎದ್ದು ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ವರದಿ ತಂದು ಅವಳ ಮುಂದೆ ಹಾಕಿದಳು.

"ಬರಿ."

ಯಮುನಾ ಮೊಣಕಾಲ ಮೇಲೆ ಇಟ್ಟುಕೊಂಡು ಬರೆದಳು. 'ಈ ವರದಿ ತಪ್ಪು. ಜುಂಜಯ್ಯನ ನೆನಪು ಹೋಗಿತ್ತು. ಪರೀಕ್ಷೆ ಸರಿಯಿಲ್ಲ ಎಂದು ಗೊತ್ತಿದ್ದೂ ನಾನೇ ಮಾಡಿದೆ.' ದಯಾನಂದರ ಸಹಿಯ ಕೆಳಗೆ ತನ್ನ ಹೆಸರು ಬರೆದಳು. ಯಮುನಾ, ಓಬವ್ವನ ಮಗಳು, ಬಾಗೂರು. ಒಂಬತ್ತು ವರ್ಷದಲ್ಲಿ ಅವಳ ಹೆಸರು ಹೊತ್ತ ಮೊದಲ ವರದಿ ಅದು.

ದೊಡ್ಡಕ್ಕನಿಗೆ ಓದು ಬಾರದು. ಕಾಗದ ಎತ್ತಿ ಹಿಡಿದು ನೋಡಿದಳು. "ಈಗ ಎರಡು ಹೆಸರವೆ?"

"ಹೂಂ. ಮ್ಯಾಗಿಂದು ಅವರ್ದು. ಕೆಳಗಿಂದು ನಂದು."

"ಮಂಜಣ್ಣ ಇಬ್ರನ್ನೂ ಕೇಳ್ತಾನೆ."

"ಕೇಳ್ಲಿ."

ದೊಡ್ಡಕ್ಕ ಕಾಗದ ಮಡಚಿ ಕವರಿಗೆ ಹಾಕಿದಳು. "ಇಂಥ ಕಾಗದ ಇನ್ನೆಷ್ಟು ಮನಿಯಾಗವೆ?"

"ಮೂವತ್ತೇಳು."

ನೀರು ಕುಡಿ ಎನ್ನಲಿಲ್ಲ ದೊಡ್ಡಕ್ಕ. ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಬೇಲಿಯ ಬಾಯಿಗೆ ಮುಳ್ಳಿನ ತಡಿಕೆ ಎಳೆದುಕೊಳ್ಳುತ್ತ ಹೇಳಿದಳು.

"ಹಂಗಾದ್ರೆ ಇಲ್ಲೇನು ಕುಂತಿದೀಯ? ಎದ್ದು ನಡಿ."